ರಾಜೀನಾಮೆ ಕೊಟ್ಟವರು ಮತ್ತೆ ಅದೇ ಕುರ್ಚಿಗೆ ಬರಬಹುದೇ?
(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಆಡಿದ ಮಾತು)



ಬೆಳ್ಳಿಹಬ್ಬದ ಹೊತ್ತಿನಲ್ಲಿ ರಾಜೀನಾಮೆಯ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಇಪ್ಪತ್ತೈದು ವರ್ಷ ನಡೆದ ಯಾವುದೇ ಸಂಘದ ನಡಾವಳಿ ಪುಸ್ತಕ ತಿರುವಿ ನೋಡಿ, ಒಂದೆರಡು ರಾಜೀನಾಮೆ ಸಿಕ್ಕೇ ಸಿಗುತ್ತವೆ. ಸಭೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬರು ಬಿಳಿ ಹಾಳೆ ತರಿಸಿ, ಎರಡು ಸಾಲು ಗೀಚಿ, ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾರೆ. ಬೆಳಗಾಗುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ, ಹಾಳೆ ಮಾತ್ರ ಅಲ್ಲೇ ಇರುತ್ತದೆ. ಆಗ ಹುಟ್ಟುವ ಪ್ರಶ್ನೆಯೇ ಇದು.

ನೌಕರರ ಮಟ್ಟಿಗೆ ಉತ್ತರ ಒಂದೇ ಸಂಗತಿಯ ಮೇಲೆ ನಿಂತಿದೆ: ರಾಜೀನಾಮೆ ಅಂಗೀಕಾರವಾಗಿದೆಯೇ ಇಲ್ಲವೇ. ರಾಜಸ್ಥಾನದ ಒಬ್ಬ ಐ.ಎ.ಎಸ್. ಅಧಿಕಾರಿ 1964ರ ಆಗಸ್ಟಿನಲ್ಲಿ ರಾಜೀನಾಮೆ ಬರೆದರು. ಅಕ್ಟೋಬರ್ ಕೊನೆಗೆ ಸರ್ಕಾರ ಒಪ್ಪಿತು. ಅದು ತಿಳಿಯುವ ಮೊದಲೇ, ನವೆಂಬರಿನಲ್ಲಿ, ಅವರು ವಾಪಸು ಕೇಳಿದರು. ಒಪ್ಪಿದ ಮೇಲೆ ಮುಗಿಯಿತು, ಒಪ್ಪಿಗೆ ಅವರ ಕೈಗೆ ತಲುಪಿರಲೇಬೇಕೆಂದಿಲ್ಲ ಎಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ ಅವರದು ಬೇರೆ ಕಥೆ. 1977ರ ಮೇ 7ರಂದು ಪತ್ರ ಬರೆದು, ಆಗಸ್ಟ್ 1ರಿಂದ ಹುದ್ದೆ ಬಿಡುವುದಾಗಿ ತಿಳಿಸಿದರು. ಜುಲೈ 15ಕ್ಕೆ ಮನಸ್ಸು ಬದಲಾಯಿಸಿ ಹಿಂಪಡೆದರು. ಹೈಕೋರ್ಟ್ ನ್ಯಾಯಾಧೀಶರ ರಾಜೀನಾಮೆಗೆ ಯಾರ ಅಂಗೀಕಾರವೂ ಬೇಕಿಲ್ಲ. ಆದರೂ ಆಗಸ್ಟ್ 1 ಇನ್ನೂ ಬಂದಿರಲಿಲ್ಲವಾದ್ದರಿಂದ ಹಿಂಪಡೆದದ್ದು ಸರಿ ಎಂದು 1978ರಲ್ಲಿ ತೀರ್ಪಾಯಿತು. ಪತ್ರದಲ್ಲಿ ಬರೆದ ಒಂದು ತಾರೀಖಿಗೆ ಎಷ್ಟು ತೂಕ ನೋಡಿ!

ಅಂಗೀಕಾರವಾದ ಮೇಲೂ ಕೇಂದ್ರ ಸರ್ಕಾರಿ ನೌಕರರಿಗೆ ಒಂದು ಕಿರುದಾರಿ ಇದೆ. 1972ರ ಪಿಂಚಣಿ ನಿಯಮದಲ್ಲಿದ್ದ ಅದು 2021ರ ಹೊಸ ನಿಯಮದಲ್ಲೂ ಉಳಿದಿದೆ. ಬಿಟ್ಟದ್ದು ಅನಿವಾರ್ಯ ಕಾರಣಕ್ಕೆ ಆಗಿರಬೇಕು, ಪ್ರಾಮಾಣಿಕತೆಯ ಬಗ್ಗೆ ಎತ್ತಿದ ಪ್ರಶ್ನೆಯಿಂದಲ್ಲ. ಪರಿಸ್ಥಿತಿ ನಿಜವಾಗಿ ಬದಲಾಗಿರಬೇಕು, ನಡುವಿನ ನಡತೆ ಚೆನ್ನಾಗಿರಬೇಕು. ಕೆಲಸ ಬಿಟ್ಟದ್ದಕ್ಕೂ ಮತ್ತೆ ಸೇರುವುದಕ್ಕೂ 90 ದಿನ ಮೀರಬಾರದು. ಇಷ್ಟಾದ ಮೇಲೂ ಅದೇ ಹುದ್ದೆ ಅಥವಾ ಅದಕ್ಕೆ ಸಮನಾದದ್ದು ಖಾಲಿ ಇರಬೇಕು. ಖಾಸಗಿ ಕಂಪನಿಗೆ ಹೋಗಿ, ಅಲ್ಲಿ ಒಗ್ಗದೆ ಬಂದೆ ಅಂದರೆ ನಡೆಯುವುದಿಲ್ಲ.

ಚುನಾಯಿತರ ಲೆಕ್ಕವೇ ಬೇರೆ. ನಮ್ಮ ರಾಮಕೃಷ್ಣ ಹೆಗಡೆಯವರು, 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ, ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ ಗೆದ್ದು ಅದೇ ಕುರ್ಚಿಗೆ ಬಂದರು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಟೀಕಿಸಿದಾಗ ಮತ್ತೆ ಕೊಟ್ಟು, ಮೂರೇ ದಿನಕ್ಕೆ ವಾಪಸು ಪಡೆದರು. ಎರಡೂ ಕಾನೂನಿಗೆ ಒಪ್ಪುವಂಥವೇ. ನಮಗೆ ಮಾತ್ರ ಮೊದಲನೆಯದೇ ಹೆಚ್ಚು ಹಿಡಿಸುತ್ತದೆ.

ಈಗ ನಮ್ಮ ಸಂಘದ ವಿಚಾರ. ಅಧ್ಯಕ್ಷ ಸ್ಥಾನಕ್ಕೆ ಮಾತ್ರ ರಾಜೀನಾಮೆ ಕೊಟ್ಟವರು ನಿರ್ದೇಶಕರಾಗಿ ಉಳಿಯುತ್ತಾರೆ. ಮಂಡಳಿಗೆ ಬೇಕೆನಿಸಿದರೆ ಅವರನ್ನೇ ಮತ್ತೆ ಆರಿಸಬಹುದು. "ಎಲ್ಲಾ ಬಿಟ್ಟೆ" ಅಂತ ಬರೆದವರಿಗೆ ಆ ಬಾಗಿಲು ಇಲ್ಲ. ಆದ್ದರಿಂದ ಯಾವ ಸ್ಥಾನ, ಯಾವ ತಾರೀಖಿನಿಂದ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಕಾರ್ಯದರ್ಶಿಯವರದು ನೌಕರಿ. ಅವರ ಪತ್ರ ಬಂದ ದಿನವೇ ಆವಕ ಪುಸ್ತಕದಲ್ಲಿ ದಾಖಲಾಗಿ, ಮುಂದಿನ ಸಭೆಯಲ್ಲೇ ಠರಾವಾಗಬೇಕು. ಕೆಲವು ಕಡೆ ಅಂಥ ಪತ್ರವನ್ನು ತಿಂಗಳುಗಟ್ಟಲೆ ಡ್ರಾಯರಿನಲ್ಲಿಟ್ಟು, ಬೇಕಾದಾಗ ತೆಗೆದು ಹೆದರಿಸುವ ಚಾಳಿ ಇದೆ. ಅದು ಅನ್ಯಾಯ. ಹಾಗೆಯೇ, ಅಂಗೀಕಾರಕ್ಕೆ ಮೊದಲು ಹಿಂಪಡೆದವರನ್ನು "ಹೋದವರು ಬಂದರು" ಅಂತ ಗೇಲಿ ಮಾಡುವುದೂ ತಪ್ಪು, ಅದು ಅವರ ಹಕ್ಕು.

ಈ ಗೊಂದಲ ಮುಂಗಾರಿನ ಹೊತ್ತಿಗೆ ಬಂತೆನ್ನಿ, ತಿಜೋರಿ ಬೀಗದ ಕೈ ಯಾರ ಹತ್ತಿರ, ಚೆಕ್ಕಿಗೆ ಸಹಿ ಯಾರದು ಅಂತ ತೀರ್ಮಾನವಾಗುವಷ್ಟರಲ್ಲಿ ಬಿತ್ತನೆ ಹದ ಹೋಗಿರುತ್ತದೆ. ಸಾಲಕ್ಕೆ ಕಾದ ರೈತನಿಗೆ ಕುರ್ಚಿ ಯಾರದಾದರೇನು? ಬೈಲಾದಲ್ಲಿ ಇದರ ಬಗ್ಗೆ ಏನಿದೆ ಎಂದು ಮುಂದಿನ ಮಹಾಸಭೆಯಲ್ಲಿ ಗಟ್ಟಿಯಾಗಿ ಓದಿಸಿ ಅಂತ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.