ಹಂಚಿಹೋದ ಮೇಲಿನ ತಿದ್ದುಪಡಿ



ಮಾನಕ ರೂಪಿಸುವುದು ಸಮಿತಿಯ ಕೆಲಸ. ಅದನ್ನು ಜಾರಿಗೆ ತರುವವರು ಮಾತ್ರ ಸಮಿತಿಗೆ ಮುಖಪರಿಚಯವೂ ಇಲ್ಲದ ಸಾವಿರಾರು ಜನ. ಇದನ್ನು ಮರೆತರೆ ಏನಾಗುತ್ತದೆಂದು ತಿಳಿಯಲು ಆರ್‌ಎಸ್‌ಎಸ್ ಕಥೆ ನೋಡಬೇಕು. ಯಾರೂ ಗಾಬರಿಯಾಗಬೇಡಿ, ನಾನು ಹೇಳುತ್ತಿರುವುದು ಜಾಲತಾಣದ ಹೊಸ ಬರಹಗಳ ವಿವರವನ್ನು ಓದುಗರಿಗೆ ಮುಟ್ಟಿಸುವ ಕಡತದ ವಿಚಾರ.

1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ ಅದರ 0.90 ಆವೃತ್ತಿ ತಂದಿತು. ಜುಲೈ ಹೊತ್ತಿಗೆ ಅದನ್ನೇ ಸರಳಗೊಳಿಸಿ 0.91 ಮಾಡಿತು, ಆಮೇಲೆ ಕೈಬಿಟ್ಟಿತು. 2000ದ ಡಿಸೆಂಬರ್ ಒಂದೇ ತಿಂಗಳಲ್ಲಿ ಇಬ್ಬರು ವಾರಸುದಾರರು ಎದ್ದರು. ಒಂದು ಗುಂಪು ಆರ್‌ಡಿಎಫ್ ಎಂಬ ದತ್ತಾಂಶ ಮಾದರಿಯನ್ನು ಆಧರಿಸಿ 1.0 ಪ್ರಕಟಿಸಿತು, ತಂತ್ರಾಂಶ ತಯಾರಕ ಡೇವ್ ವೈನರ್ 0.91ರ ಜಾಡಿನಲ್ಲೇ 0.92 ತಂದರು. 2002ರಲ್ಲಿ ವೈನರ್ ಅವರದೇ 2.0 ಬಂತು. ಈ 2.0ಗೂ ಆ 1.0ಗೂ ಸಂಬಂಧವಿಲ್ಲ, ಇದು 0.92ರ ಮುಂದುವರಿಕೆ. ಸಂಖ್ಯೆ ನಂಬಿದವರು ಕೆಟ್ಟರು. ಜಗಳದಿಂದ ಬೇಸತ್ತವರು ಆಟಂ ಎಂಬ ಬೇರೆ ಹೆಸರನ್ನೇ ಹಿಡಿದು ಹೊರಟರು.

ಗ್ರಂಥಪಾಲಕರಾದ ನಮ್ಮ ವೃತ್ತಿಗೆ ಹತ್ತಿರದ ಡಬ್ಲಿನ್ ಕೋರ್, ಅಂದರೆ ದಾಖಲೆಗಳನ್ನು ವಿವರಿಸುವ ಮಾನಕ, ಬೇರೆ ದಾರಿ ಹಿಡಿಯಿತು. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್‌ನಲ್ಲಿ, ಗ್ರಂಥಾಲಯಗಳ ಸಹಕಾರಿ ಸಂಸ್ಥೆ ಓಸಿಎಲ್‌ಸಿ ಇರುವ ಊರಿನಲ್ಲಿ, ಅದು ಹುಟ್ಟಿತು. ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ, ಭಾಷೆ ಹೀಗೆ ಒಟ್ಟು 15 ಅಂಶಗಳು. 1999ರಲ್ಲಿ 1.1ನೆಯ ಆವೃತ್ತಿ ಬಂತು. ಆ 1.1 ಎಂಬ ಅಂಕಿ ಅಂಶಗಳ ಹೆಸರುಗಳನ್ನು ಗುರುತಿಸುವ ನೇಮ್‌ಸ್ಪೇಸ್ ವಿಳಾಸದೊಳಗೇ ಸೇರಿಹೋಯಿತು. ಲಕ್ಷಾಂತರ ದಾಖಲೆಗಳಲ್ಲಿ ನಕಲಾದ ವಿಳಾಸವನ್ನು ತಿದ್ದುವುದೆಂದರೆ ಹಂಚಿ ಮುಗಿದ ಲಗ್ನಪತ್ರಿಕೆಯ ಮುಹೂರ್ತ ತಿದ್ದಿದಂತೆ. ಹಾಗಾಗಿ ಅದು ಇಂದಿಗೂ 1.1 ಆಗಿಯೇ ಉಳಿದಿದೆ.

ಪರೀಕ್ಷೆಯ ಗಳಿಗೆ ಬಂದದ್ದು 2008ರಲ್ಲಿ. ಅಲ್ಲಿಯವರೆಗೆ ಕರ್ತೃವಿನ ಜಾಗದಲ್ಲಿ ‘ಶಿವರಾಮ ಕಾರಂತ’ ಎಂದು ಬರೆದರೆ ಸಾಕಿತ್ತು. ಯಂತ್ರಗಳು ತರ್ಕಿಸಬೇಕಾದರೆ ಅಲ್ಲಿ ಬರಿಯ ಅಕ್ಷರಗಳು ಸಾಲವು, ಆ ವ್ಯಕ್ತಿಯನ್ನೇ ಸೂಚಿಸುವ ಗುರುತು ಬೇಕು ಎಂಬ ಬೇಡಿಕೆ ಎದ್ದಿತು. ಸಮಿತಿ ಹಳೆಯ ಅಂಶದ ಅರ್ಥವನ್ನು ಬಿಗಿಗೊಳಿಸಬಹುದಿತ್ತು. ಹಾಗೆ ಮಾಡಿದ್ದರೆ ಹಳೆಯ ದಾಖಲೆಗಳೆಲ್ಲ ರಾತ್ರೋರಾತ್ರಿ ತಪ್ಪಾಗುತ್ತಿದ್ದವು. ಬದಲಿಗೆ ಸಮಿತಿ ಹಳೆಯ 15ನ್ನು ಮುಟ್ಟದೆ, ಅದೇ ಹೆಸರಿನ 15 ಹೊಸ ಅಂಶಗಳನ್ನು ಬೇರೆ ನೇಮ್‌ಸ್ಪೇಸ್‌ನಲ್ಲಿ ಪಕ್ಕಕ್ಕಿಟ್ಟಿತು.

ಇದರಿಂದ ಗೊಂದಲವಾಗಲಿಲ್ಲವೇ? ಆಯಿತು. ಒಂದೇ ಹೆಸರಿನ ಎರಡು ‘ಕರ್ತೃ’ಗಳ ನಡುವೆ ವಿದ್ಯಾರ್ಥಿಗಳು ಇಂದಿಗೂ ತಡವರಿಸುತ್ತಾರೆ. ಆದರೂ ಮಾಡಿದ್ದು ಸರಿ ಎಂಬುದೇ ನನ್ನ ಪಕ್ಷ. ಹೊಸದನ್ನು ಕಲಿಯುವ ಕಷ್ಟ ಬೇಕೆಂದವರಿಗೆ ಮಾತ್ರ. ಅರ್ಥ ಬದಲಿಸಿದರೆ ಆ ಕಷ್ಟ ಏನೂ ಕೇಳದೆ ತಮ್ಮ ಪಾಡಿಗೆ ಇದ್ದವರ ತಲೆಗೆ ಬರುತ್ತದೆ.

ಹಳೆಯ ಅಂಶಗಳನ್ನು ಉಳಿಸಿಕೊಂಡದ್ದರ ಫಲ ನಮ್ಮಲ್ಲೇ ಕಾಣುತ್ತದೆ. ನಮ್ಮ ಪಿಎಚ್‌ಡಿ ಪ್ರಬಂಧಗಳನ್ನು ಇರಿಸುವ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ನಡೆಯುವುದು ಡಿಸ್ಪೇಸ್ ತಂತ್ರಾಂಶದ ಮೇಲೆ. ಡಿಸ್ಪೇಸ್ ಲೇಖಕರನ್ನು ‘ಕರ್ತೃ’ ಎನ್ನದೆ ‘ಸಹಯೋಗಿ’ ಅಂಶದ ಕೆಳಗೆ ಇಡುವುದು ವಾಡಿಕೆ. ದಾಖಲೆಯನ್ನು ಹೊರಗೆ ಕಳಿಸುವಾಗ ಮತ್ತೆ ‘ಕರ್ತೃ’ವಿಗೆ ಹೊಂದಿಸುತ್ತದೆ. ಬಳಸುವವರು ತಮಗೆ ಬೇಕಾದಂತೆ ಬಗ್ಗಿಸಿಕೊಂಡರೂ ಕೊಡುಕೊಳ್ಳುವಿಕೆ ನಡೆಯುವುದು ಆ ಹಳೆಯ 15 ಅಂಶಗಳು ಕದಲದೆ ಇರುವುದರಿಂದ.

ಇನ್ನು ವಿಳಾಸ ಕಾಯುವವರ ವಿಷಯ. ಆರ್‌ಎಸ್‌ಎಸ್ 0.91ರ ಕಡತಗಳು ನೆಟ್‌ಸ್ಕೇಪ್ ಸರ್ವರ್‌ನಲ್ಲಿದ್ದ ರಚನೆಯ ನಿಯಮ ಹೇಳುವ ಒಂದು ಡಿಟಿಡಿ ಕಡತದತ್ತ ಬೊಟ್ಟು ಮಾಡುತ್ತಿದ್ದವು. 2007ರಲ್ಲಿ ಅದು ಮಾಯವಾದಾಗ ಅದನ್ನೇ ನೆಚ್ಚಿದ್ದ ತಂತ್ರಾಂಶಗಳು ಮುಗ್ಗರಿಸಿದವು. ಡಬ್ಲಿನ್ ಕೋರ್ ವಿಳಾಸ ಓಸಿಎಲ್‌ಸಿ ನಡೆಸುತ್ತಿದ್ದ, ಶಾಶ್ವತ ವಿಳಾಸ ಒದಗಿಸುವ ಪರ್ಲ್ ಸೇವೆಯಲ್ಲಿತ್ತು. 2016ರಲ್ಲಿ ಆ ಹೊಣೆ ಇಂಟರ್ನೆಟ್ ಆರ್ಕೈವ್‌ಗೆ ಹೋಯಿತು. ವಿಳಾಸದ ಒಂದಕ್ಷರವೂ ಬದಲಾಗಲಿಲ್ಲ. ಅದಕ್ಕಾಗಿ ಯಾವ ಗ್ರಂಥಾಲಯವೂ ತನ್ನ ದಾಖಲೆ ತಿದ್ದಬೇಕಾಗಲಿಲ್ಲ.