ಪಾದ್ರಿಗಳ ಶಾಲೆಯೂ ನಮ್ಮ ಪಾಲಕರೂ

(ಶಾಲೆಗಳು ತೆರೆಯುವ ಮುನ್ನಿನ ಭಾನುವಾರ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಭಿವಂಡಿಯ ಗಿರಣಿಯೊಂದರ ಕಚೇರಿಯಲ್ಲಿ ನೂಲು-ಬಟ್ಟೆಯ ಲೆಕ್ಕ ಬರೆಯುವ ಗುಮಾಸ್ತರು ನಾವು. ಓದಿದ್ದು ಮೆಟ್ರಿಕ್ಕಿನವರೆಗೆ ಮಾತ್ರ. ರಜೆಯ ದಿನ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಡುವುದು, ತಿರುಗಿ ಬಂದುದನ್ನು ಬರೆದುಕೊಳ್ಳುವುದು, ಇಷ್ಟೇ ನಮ್ಮ ಸೇವೆ. ಆದರೂ ಈ ಸಂಜೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಕಾರಣ ತಮಗೆಲ್ಲ ತಿಳಿದದ್ದೇ. ಕಳೆದ ಒಂದು ತಿಂಗಳಿನಿಂದ ಪತ್ರಿಕೆಯ ಮೇಜಿನ ಸುತ್ತ ಕುಳಿತವರು ಕೇಳುವ ಪ್ರಶ್ನೆ ಒಂದೇ: “ಪಾದ್ರಿಗಳ ಹೈಸ್ಕೂಲಿನಲ್ಲಿ ಏನೇನೋ ಬದಲಾಗುತ್ತದಂತೆ, ಹೌದೇ?”

ಆ ಶಾಲೆಯ ಹೆಸರು ಹೇಳುವ ಅಗತ್ಯವಿಲ್ಲ. ಇಲ್ಲಿ ಕುಳಿತವರಲ್ಲಿ ಅರ್ಧ ಜನರ ಮಕ್ಕಳು ಅಲ್ಲಿಯೇ ಓದುತ್ತಿದ್ದಾರೆ. ನಮ್ಮ ಮಗಳೂ ಅಲ್ಲಿಯೇ ಐದನೆಯ ತರಗತಿಯಲ್ಲಿದ್ದಾಳೆ. ನಾವು ಕ್ರೈಸ್ತರಲ್ಲ; ಇಲ್ಲಿರುವವರಲ್ಲಿ ಹೆಚ್ಚಿನವರೂ ಅಲ್ಲ. ಆದರೂ ಪಾದ್ರಿಗಳ ಶಾಲೆ ನಮ್ಮ ಜನಕ್ಕೆ ಹೊಸದಲ್ಲ. ಮಂಗಳೂರಿಗೆ ಕಾರ್ಮೆಲ್ ಸಿಸ್ಟರರು ಬಂದದ್ದು 1870ರಲ್ಲಿ. ಇಟಲಿಯ ಯೇಸುಸಭೆಯ ಪಾದ್ರಿಗಳು ಬಂದದ್ದು 1878ರ ಕೊನೆಗೆ. ಅವರು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಸಂಸ್ಥೆ 2024ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆಯನ್ನೇ ಪಡೆಯಿತು. ದಕ್ಷಿಣ ಕನ್ನಡದಿಂದ ಈ ಊರಿಗೆ ಬಂದ ಎಷ್ಟೋ ಹಿರಿಯರು ಇಂಗ್ಲಿಷಿನ ಮೊದಲ ಅಕ್ಷರ ತಿದ್ದಿದ್ದು ಇಂಥ ಶಾಲೆಗಳಲ್ಲಿ. (ಬಾಸೆಲ್ ಮಿಶನ್ನಿನವರೂ ಇವರೇ ಎಂದು ಕೆಲವರು ತಿಳಿದಿದ್ದಾರೆ. ಅವರು ಪ್ರೊಟೆಸ್ಟಂಟರು, ಕಿಟೆಲ್ಲರ ನಿಘಂಟು ಆ ಕಡೆಯದು.) ಆದುದರಿಂದ ಈ ಶಾಲೆಯ ಸುದ್ದಿ ನಮಗೆ ಪರರ ಮನೆಯ ಸುದ್ದಿಯಲ್ಲ.

ಈಗ ಕಿವಿಗೆ ಬಿದ್ದ ಮಾತುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಒಂದೊಂದಾಗಿ ನೋಡೋಣ.

ಮೊದಲನೆಯದು ಪ್ರಾರ್ಥನೆಯ ಮಾತು. ಒಬ್ಬರು ಹೇಳುತ್ತಾರೆ, “ಇನ್ನು ಮೇಲೆ ಶಾಲೆಯಲ್ಲಿ ದೇವರ ಹೆಸರೇ ಎತ್ತುವಂತಿಲ್ಲವಂತೆ.” ಇನ್ನೊಬ್ಬರು, “ನಮ್ಮ ಮಕ್ಕಳಿಂದ ಅವರ ಪ್ರಾರ್ಥನೆಯನ್ನೇ ಮಾಡಿಸುತ್ತಾರಂತೆ” ಎನ್ನುತ್ತಾರೆ. ಎರಡೂ ನಿಜವಲ್ಲ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು 2024ರ ಏಪ್ರಿಲ್ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸೂಚನಾಪತ್ರವೊಂದನ್ನು ಕಳಿಸಿತು. ಆ ಸಮ್ಮೇಳನದ ಆಡಳಿತದಲ್ಲಿ ದೇಶದಾದ್ಯಂತ ಸುಮಾರು 14,000 ಶಾಲೆಗಳಿವೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಸೂಚನೆಯ ಸಾರ ಇಷ್ಟು: ಬೇರೆ ಮತದ ಮಕ್ಕಳ ಮೇಲೆ ಕ್ರೈಸ್ತ ಆಚಾರಗಳನ್ನು ಹೇರಬಾರದು, ಪ್ರತಿದಿನ ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಮಕ್ಕಳಿಂದ ಹೇಳಿಸಬೇಕು, ಅದನ್ನು ಶಾಲೆಯ ಮುಂಬಾಗಿಲಲ್ಲಿ ತೂಗುಹಾಕಬೇಕು, ಸ್ವಾತಂತ್ರ್ಯ ಹೋರಾಟಗಾರರ, ವಿಜ್ಞಾನಿಗಳ, ಕವಿಗಳ ಚಿತ್ರಗಳನ್ನು ಇಡಬೇಕು, ಸಾಧ್ಯವಿದ್ದಲ್ಲಿ ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನೆಯ ಕೋಣೆ ಇರಬೇಕು. ಶಾಲೆ ತನ್ನ ದೇವರನ್ನು ಬಿಡುವುದೂ ಇಲ್ಲ, ನಮ್ಮ ದೇವರನ್ನು ಬಿಡಿಸುವುದೂ ಇಲ್ಲ. ನಮ್ಮ ಮಗಳು ಪ್ರಸ್ತಾವನೆಯನ್ನು ಇಂಗ್ಲಿಷಿನಲ್ಲಿ ಗಿಳಿಯಂತೆ ಒಪ್ಪಿಸುತ್ತಾಳೆ. ಅರ್ಥ ಕೇಳಿದರೆ ನಗುತ್ತಾಳೆ. ಅದರ ಕನ್ನಡ ಪಾಠವನ್ನು ಬರೆದು ಆ ಗೋಡೆಗೆ ಅಂಟಿಸಿದ್ದೇವೆ. ಮಕ್ಕಳನ್ನು ಕರೆತಂದು ಓದಿಸಿರಿ.

ಎರಡನೆಯದು, “ದೊಡ್ಡ ಬಿಷಪರು ಬದಲಾದರು, ಇನ್ನು ಶಾಲೆಯನ್ನು ಮುಚ್ಚುತ್ತಾರೆ” ಎಂಬ ಮಾತು. ಬದಲಾದದ್ದು ನಿಜ. 2025ರ ಜನವರಿಯಲ್ಲಿ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಅವರು ಮುಂಬಯಿಯ ಆರ್ಚ್‌ಬಿಷಪ್ ಪದವಿಯಿಂದ ನಿವೃತ್ತರಾಗಿ, ಜಾನ್ ರೊಡ್ರಿಗಸ್ ಅವರು ಆ ಸ್ಥಾನಕ್ಕೆ ಬಂದರು. ಆದರೆ ಅದಕ್ಕೂ ಶಾಲೆ ಮುಚ್ಚುವುದಕ್ಕೂ ಸಂಬಂಧ ಕಟ್ಟಿದವರು ನಾವೇ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಎಲ್ಲ ಕ್ಯಾಥೊಲಿಕ್ ಶಾಲೆಗಳೂ ಒಂದೇ ಕೈಯಲ್ಲಿಲ್ಲ. ಇಗರ್ಜಿಗೆ ಸೇರಿದ ಶಾಲೆಗಳು ಆರ್ಚ್‌ಬಿಷಪರ ಶಿಕ್ಷಣ ಮಂಡಳಿಯ ಕೆಳಗೆ ಬರುತ್ತವೆ. ಯೇಸುಸಭೆ, ಡಾನ್ ಬಾಸ್ಕೊ ಪಾದ್ರಿಗಳು, ಕಾರ್ಮೆಲ್ ಸಿಸ್ಟರರು ಮೊದಲಾದವರು ತಮ್ಮ ಶಾಲೆಗಳನ್ನು ತಮ್ಮ ತಮ್ಮ ಸಂಘದಿಂದ ನಡೆಸುತ್ತಾರೆ. ಸಂಘದ ಹಿರಿಯರು ವರ್ಗ ಮಾಡಿದರೆ ಮುಖ್ಯೋಪಾಧ್ಯಾಯರಾದ ಪಾದ್ರಿಗಳೂ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕು. ಅದು ಅವರ ಕಟ್ಟಳೆ. ನಮಗೆ ಬೇಕಾದದ್ದು ಇಷ್ಟೇ: ನಮ್ಮ ಶಾಲೆ ಯಾರ ಕೈಯಲ್ಲಿದೆ, ಅರ್ಜಿ ಕೊಡಬೇಕಾದರೆ ಯಾವ ಬಾಗಿಲು ತಟ್ಟಬೇಕು ಎಂಬುದು.

ಮೂರನೆಯದು ಭಾಷೆ. ಮಹಾರಾಷ್ಟ್ರ ಸರಕಾರವು 2025ರ ಏಪ್ರಿಲ್‌ನಲ್ಲಿ ಮರಾಠಿ ಮತ್ತು ಇಂಗ್ಲಿಷ್ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸಬೇಕೆಂದು ಆಜ್ಞೆ ಹೊರಡಿಸಿತು. ವಿರೋಧ ಬಂದಿತು. ಜೂನ್ 17ರಂದು ಆಜ್ಞೆಯನ್ನು ತಿದ್ದಿ, ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಹಿಂದಿಯ ಬದಲು ಬೇರೊಂದು ಭಾರತೀಯ ಭಾಷೆಯನ್ನು ಬೇಡಿದರೆ ಅದನ್ನು ಕಲಿಸುವ ಏರ್ಪಾಡು ಮಾಡಬಹುದೆಂದು ಹೇಳಿತು. ಜೂನ್ 29ರಂದು ಎರಡು ಆಜ್ಞೆಗಳನ್ನೂ ಹಿಂದಕ್ಕೆ ತೆಗೆದುಕೊಂಡು, ವಿಷಯವನ್ನು ನರೇಂದ್ರ ಜಾಧವ್ ಅವರ ಸಮಿತಿಗೆ ಒಪ್ಪಿಸಿತು. ಈ ಆಜ್ಞೆ ಸರಿಯೋ ತಪ್ಪೋ ಎಂಬ ಚರ್ಚೆ ಈ ಹೊತ್ತಿನದಲ್ಲ. ನಮ್ಮ ಎದೆಗೆ ಚುಚ್ಚಿದ ಮಾತು ಬೇರೆ. ಆ ಹನ್ನೆರಡು ದಿನ ಕಾಗದದ ಮೇಲಾದರೂ ಕನ್ನಡಕ್ಕೆ ಒಂದು ಕಿಂಡಿ ತೆರೆದಿತ್ತು. ಆಗ ಶಾಲೆಯವರು, “ನಿಮ್ಮ 20 ಮಕ್ಕಳು ಎಲ್ಲಿ?” ಎಂದು ಕೇಳಿದ್ದರೆ ನಾವು ಏನು ಹೇಳುತ್ತಿದ್ದೆವು? ಈ ವಾಚನಾಲಯದಲ್ಲಿ ಪುಸ್ತಕಗಳ ಪಟ್ಟಿ ಇದೆ, ಚಂದಾದಾರರ ಪಟ್ಟಿ ಇದೆ, ಕುರ್ಚಿಗಳ ಪಟ್ಟಿಯೂ ಇದೆ. ಕನ್ನಡ ಕಲಿಯಬೇಕೆಂಬ ಮಕ್ಕಳ ಪಟ್ಟಿ ಇರಲಿಲ್ಲ.

ನಾಲ್ಕನೆಯದು ನ್ಯಾಯಾಲಯದ ಸಂಗತಿ. ಇದನ್ನು ಸ್ವಲ್ಪ ಸಾವಧಾನವಾಗಿ ಕೇಳಬೇಕೆಂದು ಪ್ರಾರ್ಥನೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಪಾದ್ರಿಗಳ ಶಾಲೆ ನಿಂತಿರುವುದು ಆ ಹಕ್ಕಿನ ಮೇಲೆ. ಆದರೆ ಆ ವಿಧಿ ಹೇಳುವುದು ಮತದ ಅಲ್ಪಸಂಖ್ಯಾತರನ್ನು ಮಾತ್ರವಲ್ಲ, ಭಾಷೆಯ ಅಲ್ಪಸಂಖ್ಯಾತರನ್ನೂ. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯ ರಾಜ್ಯಕ್ಕೆ ಬೇರೆಯಾಗಿ ಎಣಿಸಬೇಕೆಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ 2002ರಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಅವರ ಹೆಸರಿನ ಪ್ರತಿಷ್ಠಾನದ್ದೇ. ಹಾಗೆ ನೋಡಿದರೆ ಊರಿನಲ್ಲಿ ಬಹುಸಂಖ್ಯಾತರಾದ ನಾವು ಘಟ್ಟ ದಾಟಿ ಇಲ್ಲಿಗೆ ಬಂದೊಡನೆ ಅಲ್ಪಸಂಖ್ಯಾತರು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಸಂಸ್ಥೆಯನ್ನು ಕಟ್ಟಿ ನಡೆಸುವ ನಮ್ಮವರಿಗೂ, ಪಕ್ಕದ ಬೀದಿಯಲ್ಲಿ ಶಾಲೆ ನಡೆಸುವ ಪಾದ್ರಿಗಳಿಗೂ ನೆರಳು ಕೊಡುವ ಮರ ಒಂದೇ.

2009ರ ಶಿಕ್ಷಣ ಹಕ್ಕಿನ ಕಾನೂನು ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದು ವಿಧಿಸಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾನೂನು ತಗಲದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಸೆಪ್ಟೆಂಬರ್ 1ರಂದು ಅದೇ ಕೋರ್ಟಿನ ಇಬ್ಬರು ನ್ಯಾಯಾಧೀಶರು ಆ ವಿನಾಯಿತಿ ಸರಿಯೇ ಎಂದು ಸಂದೇಹಪಟ್ಟು, ದೊಡ್ಡ ಪೀಠ ವಿಚಾರಿಸಬೇಕೆಂದು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿದರು. ಅಂದೇ, ಎಂಟನೆಯ ತರಗತಿಯವರೆಗೆ ಕಲಿಸುವ ಉಪಾಧ್ಯಾಯರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದೂ, ಅಲ್ಪಸಂಖ್ಯಾತರ ಶಾಲೆಗಳ ಪ್ರಶ್ನೆ ಮಾತ್ರ ದೊಡ್ಡ ಪೀಠದ ತೀರ್ಮಾನಕ್ಕೆ ಕಾಯಬೇಕೆಂದೂ ಆಜ್ಞಾಪಿಸಿದರು. ನಮ್ಮ ಮಕ್ಕಳ ಟೀಚರುಗಳ ಮುಖದಲ್ಲಿ ಆ ಸಮಯದಿಂದ ಕಾಣುವ ಚಿಂತೆಗೆ ಇದೇ ಕಾರಣ. ತಮ್ಮ ಸರದಿ ಬರುವುದೋ ಇಲ್ಲವೋ ಎಂಬ ಚಿಂತೆ.

ಈ ವಿಷಯದಲ್ಲಿ ನಮಗೆ ಎರಡು ಮನಸ್ಸು ಎಂದು ಒಪ್ಪಿಕೊಳ್ಳುತ್ತೇವೆ. ವಿನಾಯಿತಿ ಉಳಿದರೆ ಪಾದ್ರಿಗಳ ಶಾಲೆಯೂ ನಮ್ಮ ಕನ್ನಡ ಶಾಲೆಯೂ ತಮ್ಮ ರೀತಿಯಲ್ಲಿ ನಡೆಯಬಹುದು. ಆದರೆ ಹೋಟೆಲಿನ ಕೆಲಸಗಾರನ ಮಗುವಿಗೆ ಅಲ್ಲಿ ಹಕ್ಕಿನ ಸ್ಥಾನವಿಲ್ಲ. ದೊರೆತರೆ ಆಡಳಿತದವರ ದಯೆಯಿಂದ ದೊರೆಯಬೇಕು. ಹೀಗೆ ಹೇಳಲು ನಮಗೊಂದು ಅನುಭವವಿದೆ.

ಎರಡು ವರ್ಷದ ಹಿಂದಿನ ಮಾತು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಒಂದು ಸಂಜೆ ಒಂದು ಲಕೋಟೆ ತಂದು ನಮ್ಮ ಮುಂದಿಟ್ಟು, “ಮಾಸ್ತರೇ, ಇದರಲ್ಲಿ ಏನಿದೆ ಸ್ವಲ್ಪ ನೋಡಿ” ಎಂದರು. ನಾವು ಮಾಸ್ತರರಲ್ಲ, ಓದಿ ಹೇಳುವವರೆಲ್ಲರೂ ಅವರಿಗೆ ಮಾಸ್ತರರೇ. ಒಳಗೆ ಶಾಲೆಯಿಂದ ಬಂದ ನಾಲ್ಕು ಇಂಗ್ಲಿಷ್ ಸುತ್ತೋಲೆಗಳಿದ್ದವು. ಬಂದಬಂದ ಹಾಗೆ ರುಜು ಹಾಕಿ ಚೀಟಿಯನ್ನು ಹಿಂದಕ್ಕೆ ಕಳಿಸಿ, ಕಾಗದವನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರಂತೆ. ಎರಡನೆಯ ಸುತ್ತೋಲೆಯಲ್ಲಿ, ಶುಲ್ಕದ ರಿಯಾಯಿತಿ ಬೇಕಾದವರು ಇಂಥ ದಿನದೊಳಗೆ ಅರ್ಜಿ ಕೊಡಬೇಕೆಂದಿತ್ತು. ಆ ದಿನ ಕಳೆದು ಏಳು ವಾರವಾಗಿತ್ತು. ಶುಲ್ಕ ಕಟ್ಟಲಾಗದೆ ಮಗಳನ್ನು ಶಾಲೆ ಬಿಡಿಸಿ ಊರಿಗೆ ಕಳಿಸುವುದೆಂದು ಅವರು ನಿಶ್ಚಯಿಸಿದ್ದರು. ಹುಡುಗಿ ಒಂಬತ್ತನೆಯ ತರಗತಿ.

ಮರುದಿನ ಅರ್ಧ ದಿನ ರಜೆ ಹಾಕಿ ಅವರೊಡನೆ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿಯವರು ಕುಳ್ಳಿರಿಸಿ ಮಾತನಾಡಿದರು. ರಿಯಾಯಿತಿಯ ಹಣ ಆಗಲೇ ಹಂಚಿಹೋಗಿತ್ತು, ಆ ವರ್ಷ ಕೊಡಲಾಗಲಿಲ್ಲ. ಆದರೆ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಒಪ್ಪಿದರು. ಹುಡುಗಿ ಉಳಿದಳು. ಬರುವಾಗ ಅವರು ಒಂದು ಮಾತು ಹೇಳಿದರು: “ನಿಮ್ಮವರು ರುಜು ಹಾಕಿ ಕಳಿಸುತ್ತಾರೆ, ಒಬ್ಬರೂ ಏನನ್ನೂ ಕೇಳುವುದಿಲ್ಲ. ಎಲ್ಲ ಅರ್ಥವಾಗಿದೆ ಎಂದೇ ನಾವು ತಿಳಿಯುತ್ತೇವೆ.”

ಆ ಮಾತು ನಮಗೂ ತಗಲಿತು. ಏಕೆಂದರೆ ಅದೇ ವರ್ಷ ಪಾಲಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಗೆ ಚೀಟಿ ಎತ್ತಿದಾಗ ನಮ್ಮ ಹೆಸರು ಬಂದಿತ್ತು. ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾನೂನಿನಂತೆ ಪಾಲಕರನ್ನು ಚೀಟಿ ಎತ್ತಿ ಸಮಿತಿಗೆ ಆರಿಸಬೇಕು, ಶುಲ್ಕದ ಪ್ರಸ್ತಾಪವನ್ನು ಆಡಳಿತದವರು ಆ ಸಮಿತಿಯ ಮುಂದೆ ಇಡಬೇಕು. ಲೆಕ್ಕ ಬರೆಯುವುದೇ ನಮ್ಮ ಅನ್ನ. ಅಲ್ಲಿ ಕುಳಿತು ನಾಲ್ಕು ಅಂಕಿ ನೋಡುವುದು ನಮಗೆ ಕಷ್ಟವಾಗುತ್ತಿರಲಿಲ್ಲ. ಆದರೆ ಗಿರಣಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಕೆಲಸವಿದೆ ಎಂದು ನೆವ ಹೇಳಿ ತಪ್ಪಿಸಿಕೊಂಡೆವು. ನಿಜವಾಗಿ ಇದ್ದದ್ದು ಸಂಕೋಚ. ಕೋಟು ಹಾಕಿದ ಪಾಲಕರ ನಡುವೆ ನಮ್ಮ ಮೆಟ್ರಿಕ್ ಇಂಗ್ಲಿಷ್ ತೆಗೆಯಲು ನಾಚಿಕೆ. ರಿಯಾಯಿತಿಯ ಕೊನೆಯ ದಿನದ ಮಾತು ಆ ಸಭೆಯಲ್ಲಿ ನಮ್ಮ ಕಿವಿಗೆ ಬೀಳುತ್ತಿತ್ತೇನೋ, ಆ ಗೆಳೆಯರಿಗೆ ಸಮಯಕ್ಕೆ ಹೇಳುತ್ತಿದ್ದೆವೇನೋ ಎಂದು ಈಗಲೂ ಅನಿಸುತ್ತದೆ.

ಆದುದರಿಂದ ಬದಲಾವಣೆ ಬರುತ್ತದೆಯೇ ಎಂದು ಕೇಳುವ ಮಿತ್ರರಿಗೆ ನಮ್ಮ ಉತ್ತರ ಇದು: ಬರುತ್ತದೆ. ಅದು ಮೊದಲು ಮಗುವಿನ ಚೀಲದಲ್ಲಿ, ಮಡಿಸಿದ ಒಂದು ಕಾಗದವಾಗಿ ಬರುತ್ತದೆ. ಅದನ್ನು ದೇವರ ಪಟದ ಹಿಂದೆ ಇಡಬೇಡಿರಿ. ಇಲ್ಲಿಗೆ ತನ್ನಿರಿ. ಬರುವ ವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ನಾವೂ ಇನ್ನಿಬ್ಬರು ಸ್ವಯಂಸೇವಕರೂ ಈ ಮೇಜಿನ ಬಳಿ ಇರುತ್ತೇವೆ. ಓದಿ ಕನ್ನಡದಲ್ಲಿ ಹೇಳುತ್ತೇವೆ, ಉತ್ತರ ಬರೆಯಬೇಕಾದರೆ ಬರೆದುಕೊಡುತ್ತೇವೆ. ಪಾಲಕರ ಸಭೆಗೆ ಒಬ್ಬರೇ ಹೋಗಲು ಅಳುಕಿದರೆ ಇಬ್ಬರಾಗಿ ಹೋಗಿರಿ. ಚೀಟಿಯಲ್ಲಿ ಹೆಸರು ಬಂದರೆ ನಮ್ಮಂತೆ ನೆವ ಹೇಳಬೇಡಿರಿ. ಕನ್ನಡ ಕಲಿಯಬೇಕೆಂಬ ಮಕ್ಕಳ ಹೆಸರಿಗಾಗಿ ಹೊಸ ಪುಸ್ತಕವೊಂದನ್ನು ತೆರೆದು ಮೇಜಿನ ಮೇಲಿಟ್ಟಿದ್ದೇವೆ. ಮೊದಲ ಸಾಲಿನಲ್ಲಿ ನಮ್ಮ ಮಗಳ ಹೆಸರಿದೆ. ಇನ್ನು 19 ಸಾಲು ಖಾಲಿ ಇವೆ.

ಹೇಳುತ್ತ ಹೇಳುತ್ತ ಆ ಹುಡುಗಿಯ ವಿಷಯ ಅಲ್ಲಿಗೇ ಬಿಟ್ಟೆವು. ಆಕೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಬರೆದಿದ್ದಾಳೆ. ಅವಳ ತಂದೆ ಈ ಸಂಜೆಯೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ತಮ್ಮ ಕತೆಯನ್ನು ಹೆಸರೆತ್ತದೆ ಹೇಳಲು ಅವರೇ ಅನುಮತಿ ಕೊಟ್ಟರು.