ಚಂದ್ರಗಿರಿಯಿಂದ ಸುವರ್ಣೆಗೆ: ಸೈಕಲ್ ಕಲಿಸಿದ ಪಾಠ

(ಐದು ದಿನಗಳ ಸೈಕಲ್ ಯಾತ್ರೆಯ ಕೊನೆಗೆ ಸಂತೆಕಟ್ಟೆಯಲ್ಲಿ ಮಾಡಿದ ಭಾಷಣ)



ಕಾಲು ಸೋತಿದೆ, ಅಂಗಿಯೆಲ್ಲ ಕೆಂಪು ಮಣ್ಣು. ಉದ್ದ ಮಾತು ಬೇಡ. ಆದರೆ ಬಂದ ದಾರಿಯ ಲೆಕ್ಕ ಒಪ್ಪಿಸದೆ ಮನೆಗೆ ಹೋಗುವಂತಿಲ್ಲ.

ಐದು ದಿನಗಳ ಹಿಂದೆ ಕಾಸರಗೋಡಿನ ಚಂದ್ರಗಿರಿ ಹೊಳೆಯ ದಡದಲ್ಲಿ ಪೆಡಲ್ ತುಳಿಯಲು ಶುರು ಮಾಡಿದೆವು. ಇವತ್ತು ಕಲ್ಯಾಣಪುರದ ಸುವರ್ಣಾ ಹೊಳೆಯ ಹತ್ತಿರ ಸ್ಟ್ಯಾಂಡ್ ಹಾಕಿದ್ದೇವೆ. ಈ ಎರಡು ಹೊಳೆಗಳನ್ನು ಸುಮ್ಮನೆ ಆರಿಸಿದ್ದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿಯ ಉತ್ತರದ ಭಾಗ ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಆ ನೋವು ನಮಗೆಲ್ಲ ಗೊತ್ತು. ಆದರೆ ಇನ್ನೊಂದು ಮಾತು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್, ತುಳುವಿನ ಹಳೆಯ ಎಲ್ಲೆ ಎಂದು ಹೇಳಿದ್ದು ಇದೇ ಚಂದ್ರಗಿರಿ ಮತ್ತು ಕಲ್ಯಾಣಪುರದ ಹೊಳೆಗಳನ್ನು.

ಹೆದ್ದಾರಿ ಬಿಟ್ಟು ಒಳದಾರಿ ಹಿಡಿದೆವು. ಬದಿಯಡ್ಕ, ಪೆರ್ಲ, ವಿಟ್ಲ, ಬಂಟ್ವಾಳ, ಮೂಡುಬಿದಿರೆ, ಕಾರ್ಕಳ. ಏರು ಬಂದಾಗ ಇಳಿದು ತಳ್ಳಿದೆವು. ಬಸ್ಸಿನಲ್ಲಿ ಹೋದರೆ ಊರಿನ ಬೋರ್ಡು ಕಾಣುತ್ತದೆ. ಸೈಕಲ್ ತಳ್ಳಿಕೊಂಡು ಹೋದರೆ ಊರಿನ ಮಾತು ಕೇಳುತ್ತದೆ.

ವಿಟ್ಲ ದಾಟಿದ ಮೇಲೆ ನನ್ನ ಟಯರು ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯ ಅಜ್ಜರೊಬ್ಬರು ಟ್ಯೂಬ್ ಬಿಚ್ಚಿ ನೀರಲ್ಲಿ ಮುಳುಗಿಸಿ ತೂತು ಹುಡುಕಿದರು. ನಾನು ಸುಮ್ಮನಿರಲಾರದೆ, ಬೆಂಗಳೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಭಾಷಣ ಶುರು ಮಾಡಿದೆ. ಅವರು ಕೇಳಿದರು: "ಸರಿ ಮಾರಾಯ್ರೆ. ನೀವು ಮೂರು ದಿನದಿಂದ ಇಲ್ಲಿ ತಿರುಗ್ತಾ ಇದ್ದೀರಿ. ತುಳು ಎಷ್ಟು ಕಲ್ತಿರಿ?"

ಗೆಳೆಯರೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ಕಡೆಯೆಲ್ಲ ಜನ ನಮಗಾಗಿ ಕನ್ನಡಕ್ಕೆ ತಿರುಗಿದ್ದರು. ಅದನ್ನು ನಾವು ನಮ್ಮ ಹಕ್ಕು ಎಂದುಕೊಂಡಿದ್ದೆವು. ಅದು ಅವರ ಔದಾರ್ಯ.

ಈ ಔದಾರ್ಯ ಹೊಸದಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ಕನ್ನಡದ ರಾಷ್ಟ್ರಕವಿ. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನಲ್ಲೂ ಬರೆದರು, ಕಾಸರಗೋಡಿನ ಕನ್ನಡಕ್ಕಾಗಿ ಬದುಕಿಡೀ ಹೋರಾಡಿದರು. 1901ರಲ್ಲಿ ತೀರಿಕೊಂಡ ಮುದ್ದಣ ಹುಟ್ಟಿದ್ದು ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ, ತುಳುವರ ನಡುವೆ. ಇವರು ಕನ್ನಡಕ್ಕೆ ಇಷ್ಟು ಕೊಟ್ಟರು. ನಾವು ತುಳುವಿಗೆ, ಕೊಂಕಣಿಗೆ ಏನು ಕೊಟ್ಟೆವು?

ಕನ್ನಡ ಕಲಿಯಿರಿ ಎಂದು ಕೇಳುವುದು ತಪ್ಪಲ್ಲ. ಕೇಳಲೇಬೇಕು, ನಾಳೆಯೂ ಕೇಳುತ್ತೇವೆ. ಆದರೆ ಬೇರೆಯವರ ನೆಲದಲ್ಲಿ ಅವರ ಎರಡು ಮಾತು ಕಲಿತವನು ಕೇಳಿದರೆ ಆ ಕೇಳಿಕೆಗೆ ತೂಕ ಬರುತ್ತದೆ.

ಅಜ್ಜರ ಅಂಗಡಿಯಿಂದ ಇಲ್ಲಿಯವರೆಗೆ ನಾವು ದಿನಕ್ಕಿಷ್ಟು ತುಳು ಕಲಿತೆವು. ತಪ್ಪು ಮಾತಾಡಿದಾಗ ಜನ ನಕ್ಕರು, ಆಮೇಲೆ ಮನೆಯೊಳಗೆ ಕರೆದರು. ಎದುರಿನ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಕುಂದಾಪುರದ ಕನ್ನಡ ಕಿವಿಗೆ ಬೀಳತೊಡಗುತ್ತದೆ. ಅದೂ ನಮ್ಮದೇ. ಅದನ್ನು ಆಡಿಕೊಂಡು ನಗುವ ಚಾಳಿಯನ್ನೂ ಇಲ್ಲೇ ಬಿಟ್ಟುಹೋಗೋಣ.

ಊರಿಗೆ ಹೋದ ಮೇಲೆ ಸೈಕಲ್ಲನ್ನು ಮೂಲೆಗೆ ಒರಗಿಸಬೇಡಿ. ಕಲಿತ ಮಾತನ್ನೂ ಮರೆಯಬೇಡಿ.

ನೀರು ಕೊಟ್ಟವರಿಗೆ, ಜಗಲಿಯಲ್ಲಿ ಮಲಗಲು ಜಾಗ ಕೊಟ್ಟವರಿಗೆ ಅವರದೇ ಮಾತಲ್ಲಿ ಹೇಳುತ್ತೇನೆ: ಸೊಲ್ಮೆಲು.

ಸಿರಿಗನ್ನಡಂ ಗೆಲ್ಗೆ!